ಗುರುವಿತ್ತ ಕುಂಚ, ನಾಡಿಗಿತ್ತ ಬದುಕು: ಕಲಾವಿದ ರುಮಾಲೆ ಚನ್ನಬಸವಯ್ಯನವರು

ಕೈ ಕೆಸರಾದರೆ ಬಾಯಿ ಮೊಸರು ಎಂಬ ನಾಣ್ಣುಡಿಯನ್ನು ಅರಿಯದ ಕನ್ನಡಿಗರಿಲ್ಲ. ಹೊಲದ ಕೆಸರು, ಗಾಣದ ಜಿಡ್ಡು, ಮಗ್ಗದ ಗಂಜಿ, ಕುಂಬಾರನ ಜೇಡಿಮಣ್ಣು ಕೈಗೆ ಮೆತ್ತಿದರೆ ಅದನ್ನು ನಮ್ಮ ಹಿರಿಯರು ಕಾಯಕದ ಗುರುತೆಂದು ಗೌರವಿಸಿದರು. ಆದರೆ ಮನೆಯ ಮಗು ಕೈಗೆಲ್ಲ ಬಣ್ಣ ಮೆತ್ತಿಕೊಂಡು ಬಂದಾಗ ಮಾತ್ರ ನಮ್ಮ ಮುಖಭಾವ ಬೇರೆಯಾಗುತ್ತದೆ. “ಇದರಿಂದ ಹೊಟ್ಟೆ ತುಂಬುತ್ತದೆಯೇ? ಹೋಗಿ ಲೆಕ್ಕ ಮಾಡು” ಎಂಬ ಮಾತು ತಾನಾಗಿ ಹೊರಬೀಳುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಅನೇಕ ಸದ್ಗೃಹಸ್ಥರ ಮನೆಗಳಲ್ಲಿ ಈ ಮಾತನ್ನು ನಾವು ಕೇಳಿದ್ದೇವೆ. ಹೇಳುವವರು ಮಕ್ಕಳ ಹಿತವನ್ನೇ ಬಯಸುವವರು. ಅವರಲ್ಲಿ ಕೇಡಿನ ಭಾವವಿಲ್ಲ. ಆದರೂ ಆ ಒಂದು ಮಾತಿನಿಂದ ಎಷ್ಟು ಎಳೆಯ ಕೈಗಳು ಕುಂಚವನ್ನು ಕೆಳಗಿಟ್ಟಿವೆಯೋ ಲೆಕ್ಕವಿಟ್ಟವರಾರು?

ಈ ಹೊತ್ತಿನಲ್ಲಿ ನಮ್ಮ ನೆನಪಿಗೆ ಬರುವವರು ರುಮಾಲೆ ಚನ್ನಬಸವಯ್ಯನವರು. ಅವರೂ ಕುಂಚವನ್ನು ಕೆಳಗಿಟ್ಟವರೇ. ಆದರೆ ಹೊಟ್ಟೆಪಾಡಿಗಾಗಿ ಇಟ್ಟವರಲ್ಲ, ನಾಡಿನ ಬಿಡುಗಡೆಗಾಗಿ ಇಟ್ಟವರು. ಸುಮಾರು ಮೂವತ್ತು ವರ್ಷಗಳ ಬಳಿಕ, ಐವತ್ತು ದಾಟಿದ ವಯಸ್ಸಿನಲ್ಲಿ, ಅದನ್ನೇ ಮತ್ತೆ ಎತ್ತಿಕೊಂಡು ಕನ್ನಡ ನಾಡಿನ ಶ್ರೇಷ್ಠ ನಿಸರ್ಗ ಚಿತ್ರಕಾರರ ಸಾಲಿನಲ್ಲಿ ನಿಂತವರು. ಅವರ ಬಾಳನ್ನು ಅರಿಯಬೇಕಾದರೆ ಅವರಿಗೆ ಮೊದಲ ಗೆರೆಯನ್ನು ಕಲಿಸಿದ ಗುರುವನ್ನೂ ಅರಿಯಬೇಕು. ಆದ್ದರಿಂದ ಈ ಲೇಖನದಲ್ಲಿ ಗುರು ಶಿಷ್ಯರಿಬ್ಬರನ್ನೂ ಸ್ಮರಿಸಲು ಬಯಸುತ್ತೇವೆ.

ಕಲಾಮಂದಿರದ ಗುರು

ಆ ಗುರುಗಳು ಎ.ಎನ್. ಸುಬ್ಬರಾಯರು. ಸ್ವತಃ ಚಿತ್ರಕಾರರಾಗಿದ್ದ ಅವರು 1919ರಲ್ಲಿ ಬೆಂಗಳೂರಿನಲ್ಲಿ ‘ಕಲಾಮಂದಿರ’ವೆಂಬ ಚಿತ್ರಕಲಾ ಶಾಲೆಯನ್ನು ಆರಂಭಿಸಿದರು. ಆ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಮೊದಲನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಇನ್‌ಫ್ಲುಯೆಂಜಾ ಪಿಡುಗು ಊರೂರುಗಳನ್ನು ಬರಿದು ಮಾಡಿ ಹೋಗಿತ್ತು. ಓದು ಬಲ್ಲವರು ಸರ್ಕಾರಿ ಗುಮಾಸ್ತಿಕೆಯನ್ನು ಹುಡುಕುತ್ತಿದ್ದರು. ಅಂಥ ಹೊತ್ತಿನಲ್ಲಿ ಗೆರೆ ಬಣ್ಣಗಳನ್ನು ಕಲಿಸಲೆಂದೇ ಒಂದು ಶಾಲೆಯನ್ನು ತೆರೆಯುವುದು ಎದೆಗಾರಿಕೆಯ ಕೆಲಸವೇ ಸರಿ. ಸುಬ್ಬರಾಯರ ಮನೆತನದಲ್ಲಿ ಆ ಕಲಾಸೇವೆ ಮುಂದುವರಿಯಿತು. ಅವರ ಸುಪುತ್ರರಾದ ಎ.ಎಸ್. ಮೂರ್ತಿಯವರು ಆಕಾಶವಾಣಿಯಲ್ಲೂ ರಂಗಭೂಮಿಯಲ್ಲೂ ಹೆಸರಾಗಿ, ‘ಅಭಿನಯ ತರಂಗ’ ಎಂಬ ರಂಗಶಾಲೆಯ ಮೂಲಕ ತಂದೆಯಂತೆಯೇ ಕಲಿಸುವ ಕಾಯಕವನ್ನು ಕೈಗೊಂಡರು.

ಮೈಸೂರಿನಲ್ಲಿ ಆಗ ಅರಮನೆಯ ಆಶ್ರಯದ ಇನ್ನೊಂದು ವಿದ್ಯಾಲಯವಿತ್ತು. ಅದೇ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಲಯ. 1906ರಲ್ಲಿ ಅಂದಿನ ವೇಲ್ಸ್ ರಾಜಕುಮಾರರು, ಎಂದರೆ ಮುಂದೆ ಐದನೆಯ ಜಾರ್ಜ್ ಎನಿಸಿದವರು, ಅದರ ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. 1913ರಲ್ಲಿ ವಿದ್ಯಾಲಯ ರೂಪುಗೊಂಡಿತು. ಇಲ್ಲಿ ನಮ್ಮ ಭಾಗದ ಓದುಗರಿಗೆ ಒಂದು ಮಾತನ್ನು ಹೇಳಬೇಕು. ನಮ್ಮ ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ ಊರೆಂಬ ಕಾರಣಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಮೈಸೂರಿನ ಕಲಾಶಾಲೆ ನೆನೆಯುವುದು ಅವರನ್ನಲ್ಲ. ಮುಂದಿನ ತಲೆಮಾರಿನ ಹತ್ತನೆಯ ಚಾಮರಾಜೇಂದ್ರ ಒಡೆಯರನ್ನು. ಹೆಸರೊಂದೇ ಆದರೂ ದೊರೆಗಳು ಇಬ್ಬರು. ಮುಂದೆ 1981ರಲ್ಲಿ ಇದೇ ಹೆಸರಿನಿಂದ ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಸ್ಥಾಪನೆಯಾಯಿತು. ನಮ್ಮ ಜಿಲ್ಲೆಯ ಕಲಾಸಕ್ತ ಮಕ್ಕಳಿಗೆ ಹತ್ತಿರದ ದೊಡ್ಡ ಕಲಾಶಾಲೆ ಇದೇ ಆಗಿದೆ.

ಗೆರೆಯೆಂಬ ಅಕ್ಷರಾಭ್ಯಾಸ

ಚಿತ್ರಕಲಾ ಶಿಕ್ಷಕರು ಕಲಿಸುವುದೇನೆಂದು ಕೇಳಿದರೆ “ಚಿತ್ರ ಬಿಡಿಸುವುದು” ಎಂಬ ಉತ್ತರ ಬರುತ್ತದೆ. ಆ ಉತ್ತರ ಅರೆಬರೆಯದು. ಮಠದ ಪಾಠಶಾಲೆಯಲ್ಲಿ ನಾವು ಮರಳ ಮೇಲೆ ಅಕ್ಷರ ತಿದ್ದುವಾಗ ಗುರುಗಳು ಬೆರಳನ್ನು ಹಿಡಿದು ನಡೆಸುತ್ತಿದ್ದರು. ಅಕ್ಷರದ ತಲೆಕಟ್ಟು ಎಲ್ಲಿ ತೊಡಗಿ ಎಲ್ಲಿ ನಿಲ್ಲುತ್ತದೆಂಬುದನ್ನು ಮೊದಲು ಕಣ್ಣು ಕಾಣಬೇಕು, ಅನಂತರ ಬೆರಳು ಹಿಂಬಾಲಿಸಬೇಕು. ಚಿತ್ರಕಲೆಯ ಮೊದಲ ಪಾಠವೂ ಇಂಥದೇ. ಮುಂದೆ ಇಟ್ಟ ಬಿಂದಿಗೆಯನ್ನು ಬಾಲಕನು ತನಗೆ ತಿಳಿದಂತೆ ಬರೆಯಲು ಹೊರಡುತ್ತಾನೆ. ಬಿಂದಿಗೆಯ ಬಾಯಿ ದುಂಡಗಿದೆಯೆಂದು ತಿಳಿದಿರುವ ಕಾರಣ ಪೂರ್ಣ ವೃತ್ತವನ್ನೇ ಬರೆಯುತ್ತಾನೆ. ಆದರೆ ಕುಳಿತ ಜಾಗದಿಂದ ಕಣ್ಣಿಗೆ ಕಾಣುವುದು ಅಂಡಾಕಾರ. ತಿಳಿದದ್ದನ್ನು ಬದಿಗಿಟ್ಟು ಕಂಡದ್ದನ್ನು ಬರೆಯುವಂತೆ ಮಾಡುವುದೇ ಗುರುವಿನ ಕೆಲಸ. ಈ ಅಭ್ಯಾಸವಾದ ಕಣ್ಣು ಹೊಲದ ಬೆಳೆಯ ರೋಗವನ್ನೂ, ಬಟ್ಟೆಯ ನೇಯ್ಗೆಯ ದೋಷವನ್ನೂ, ಮನುಷ್ಯನ ಮುಖದ ದುಗುಡವನ್ನೂ ಬೇಗ ಗುರುತಿಸುತ್ತದೆ. ಎಲ್ಲ ಮಕ್ಕಳೂ ಕಲಾವಿದರಾಗಲಾರರು. ಆದರೆ ನೋಡುವುದನ್ನು ಕಲಿಯಬೇಕಾದವರು ಎಲ್ಲ ಮಕ್ಕಳೂ ಹೌದು.

ದೊಡ್ಡಬಳ್ಳಾಪುರದ ಬಾಲಕ

ಚನ್ನಬಸವಯ್ಯನವರು 1910ನೆಯ ಇಸವಿ ಸೆಪ್ಟೆಂಬರ್ 10ರಂದು ದೊಡ್ಡಬಳ್ಳಾಪುರದಲ್ಲಿ ಜನಿಸಿದರು. ನೇಯ್ಗೆಗೆ ಹೆಸರಾದ ಊರು ಅದು. ಮಗ್ಗದ ಸದ್ದೂ ನೂಲಿನ ಬಣ್ಣವೂ ಅಲ್ಲಿಯ ಬೀದಿಗಳ ನಿತ್ಯದ ನೋಟ. ಊರಿನಾಚೆಗೆ ನಂದಿಬೆಟ್ಟದ ಸಾಲು ಕಾಣುತ್ತದೆ. ಎಳೆತನದಲ್ಲಿಯೇ ಚಿತ್ರಕಲೆಯತ್ತ ಒಲಿದ ಅವರು ಬೆಂಗಳೂರಿಗೆ ಬಂದು ಸುಬ್ಬರಾಯರ ಕಲಾಮಂದಿರದಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡರು. ಮುಂದೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಲಯವನ್ನೂ ಸೇರಿದರು. ಇಪ್ಪತ್ತರ ಹರೆಯದ ತರುಣನಿಗೆ ಹಾದಿ ನೇರವಾಗಿಯೇ ಕಾಣುತ್ತಿತ್ತು. ವಿದ್ಯಾಭ್ಯಾಸ ಮುಗಿಸಿದರೆ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನ ಕೆಲಸವೋ, ಅರಮನೆಯ ಆಶ್ರಯವೋ ದೊರೆಯಬಹುದಿತ್ತು.

ಆದರೆ ಕಾಲ ಬೇರೆಯದೇ ಕರೆಯನ್ನು ಕಳುಹಿಸಿತು. 1927ರಲ್ಲಿ ಮಹಾತ್ಮ ಗಾಂಧಿಯವರು ಅಸ್ವಸ್ಥರಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಿಂಗಳುಗಟ್ಟಲೆ ವಿಶ್ರಮಿಸಿದ್ದರು. ನಮ್ಮ ಕಡೆಯ ಬದನವಾಳಿನ ಖಾದಿ ಕೇಂದ್ರವೂ ಅವರ ಪಾದಸ್ಪರ್ಶವನ್ನು ಪಡೆದದ್ದೇ. ಮೈಸೂರು ಸಂಸ್ಥಾನದ ತರುಣರ ಮನಸ್ಸಿನಲ್ಲಿ ಆ ನೆನಪು ಹಸಿಯಾಗಿರುವಾಗಲೇ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾಯಿತು. ಚನ್ನಬಸವಯ್ಯನವರು ಕಲಾಶಾಲೆಯನ್ನು ಬಿಟ್ಟು ಹೋರಾಟಕ್ಕೆ ಧುಮುಕಿದರು.

ಬಣ್ಣ ಬಿಟ್ಟು ಖಾದಿ ತೊಟ್ಟ ಮೂವತ್ತು ವರ್ಷ

ಡಾ. ನಾ.ಸು. ಹರ್ಡೀಕರ್ ಅವರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳವು ಆ ದಿನಗಳಲ್ಲಿ ಕರ್ನಾಟಕದ ತರುಣರಿಗೆ ಶಿಸ್ತಿನ ಗರಡಿಯಾಗಿತ್ತು. ಕವಾಯತು, ಗ್ರಾಮಸೇವೆ, ಶುಚಿತ್ವ, ರೋಗಿಗಳ ಆರೈಕೆ, ಧ್ವಜವಂದನೆ ಇವೆಲ್ಲ ಅಲ್ಲಿಯ ಪಾಠಗಳು. ಚನ್ನಬಸವಯ್ಯನವರು ಸೇವಾದಳದ ಕಾರ್ಯಕರ್ತರಾಗಿ ಊರೂರು ಸುತ್ತಿದರು. ಸೆರೆಮನೆಯ ವಾಸವೂ ಅವರ ಪಾಲಿಗೆ ಬಂದಿತು. ವಿವಾಹವಾಗದೆ ಬ್ರಹ್ಮಚಾರಿಯಾಗಿಯೇ ಉಳಿದರು. ಸ್ವಾತಂತ್ರ್ಯ ಬಂದ ಮೇಲೆ ವಿಧಾನ ಪರಿಷತ್ತಿನ ಸದಸ್ಯರಾದರು. ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವದ ಹೊಣೆಯನ್ನೂ ಹೊತ್ತರು.

ಇಲ್ಲಿ ಸಹೃದಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ದೇಶಸೇವೆಗೆ ಕಲೆಯನ್ನು ಬಿಡಲೇಬೇಕಾಗಿತ್ತೇ? ಗಾಂಧೀಜಿಯವರೇನೂ ಕಲೆಯ ವಿರೋಧಿಗಳಾಗಿರಲಿಲ್ಲ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಶಾಂತಿನಿಕೇತನದ ನಂದಲಾಲ್ ಬೋಸ್ ಅವರಿಂದ ಚಿತ್ರಫಲಕಗಳನ್ನು ಬರೆಸಿದವರು ಅವರೇ. ನೂಲುವ ಹೆಂಗಸು, ಡೋಲು ಬಡಿಯುವವನು, ಬಡಗಿ, ಕೃಷಿಕ ಹೀಗೆ ಹಳ್ಳಿಯ ಜನರೇ ಆ ಫಲಕಗಳನ್ನು ತುಂಬಿದ್ದರು. ಅದೇ 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲೀಬಾರಿಗೆ ಜನ ಬಲಿಯಾದರು. ಒಂದು ಕಡೆ ಕಲೆ ಹೋರಾಟಕ್ಕೆ ಜೊತೆಯಾಗಿ ನಿಂತಿತ್ತು. ಇನ್ನೊಂದು ಕಡೆ ಹೋರಾಟವೇ ಕಲಾವಿದನ ಇಡೀ ಸಮಯವನ್ನು ಬೇಡುತ್ತಿತ್ತು. ಎರಡೂ ಸತ್ಯ. ಹಗಲೆಲ್ಲ ಜನರ ನಡುವೆ ಓಡಾಡುವ, ಎಂದು ಬಂಧನವಾದೀತೋ ಅರಿಯದ ಕಾರ್ಯಕರ್ತನಿಗೆ ಕ್ಯಾನ್ವಾಸಿನ ಮುಂದೆ ತಾಳ್ಮೆಯಿಂದ ನಿಲ್ಲುವ ಅವಕಾಶ ದೊರೆಯುವುದು ದುರ್ಲಭ. ಚನ್ನಬಸವಯ್ಯನವರು ತಮಗೆ ಪ್ರಿಯವಾದುದನ್ನೇ ತೆತ್ತರು. ಬೇಡವಾದುದನ್ನು ಬಿಡುವುದು ತ್ಯಾಗವೆನಿಸದು. ಬೇಕಾದುದನ್ನು ಬಿಡುವುದೇ ತ್ಯಾಗ.

ಈ ತ್ಯಾಗದಿಂದ ನಷ್ಟವಾಗಲಿಲ್ಲವೆಂದು ನಾವು ಹೇಳಲಾರೆವು. ಇಪ್ಪತ್ತರಿಂದ ಐವತ್ತರವರೆಗಿನ ವಯಸ್ಸು ಚಿತ್ರಕಾರನ ಕೈಗೆ ಅತ್ಯಂತ ಕಸುವಿನ ಕಾಲ. ಆ ಕಾಲದಲ್ಲಿ ಅವರಿಂದ ಆಗಬಹುದಾಗಿದ್ದ ಚಿತ್ರಗಳನ್ನು ನಾಡು ಎಂದೆಂದಿಗೂ ಕಾಣದೆ ಹೋಯಿತು. ಸ್ವಾತಂತ್ರ್ಯದ ಬೆಲೆಯನ್ನು ಲೆಕ್ಕ ಹಾಕುವಾಗ ಸೆರೆವಾಸವನ್ನೂ ಪ್ರಾಣಹಾನಿಯನ್ನೂ ಎಣಿಸುತ್ತೇವೆ; ಬರೆಯದೆ ಉಳಿದ ಚಿತ್ರಗಳನ್ನು ಎಣಿಸುವುದಿಲ್ಲ.

ಮರಳಿ ಕುಂಚದೆಡೆಗೆ

1960ರ ದಶಕದ ಆರಂಭದಲ್ಲಿ ಅವರು ಸಕ್ರಿಯ ರಾಜಕಾರಣದಿಂದ ಹಿಂದೆ ಸರಿದು ಚಿತ್ರಕಲೆಗೆ ಮರಳಿದರು. ಅಧಿಕಾರದ ಅಂಗಳದಲ್ಲಿ ಒಮ್ಮೆ ಕಾಲಿಟ್ಟವರು ತಾವಾಗಿ ಹೊರಬರುವುದು ಅಪರೂಪ. ಹೊರಬಂದು ವಿದ್ಯಾರ್ಥಿಯಂತೆ ಮೊದಲಿನಿಂದ ತೊಡಗುವುದು ಇನ್ನೂ ಅಪರೂಪ. ಇಳಿವಯಸ್ಸಿನಲ್ಲಿ ಕಲೆಗೆ ಒಲಿದವರ ಉದಾಹರಣೆ ಬೇರೆಯೂ ಉಂಟು. ಕವೀಂದ್ರ ರವೀಂದ್ರರು ಅರವತ್ತು ದಾಟಿದ ಮೇಲೆಯೇ ಚಿತ್ರರಚನೆಯಲ್ಲಿ ಗಂಭೀರವಾಗಿ ತೊಡಗಿ, 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವನ್ನೂ ಏರ್ಪಡಿಸಿದರು. ಆದರೆ ರವೀಂದ್ರರಿಗೆ ಕಾವ್ಯದ ಸಂಗ ಎಂದೂ ತಪ್ಪಿರಲಿಲ್ಲ. ಚನ್ನಬಸವಯ್ಯನವರದು ಮೂವತ್ತು ವರ್ಷದ ಮೌನ. ಆ ಮೌನವನ್ನು ದಾಟಿಸಿದ ಆಧಾರ ಯಾವುದು? ಎಳವೆಯಲ್ಲಿ ಗುರುಮುಖದಿಂದ ಕಲಿತ ಗೆರೆಯೇ ಎಂಬುದು ನಮ್ಮ ನಂಬಿಕೆ. ಬಾಲ್ಯದಲ್ಲಿ ಈಜು ಕಲಿತವನು ಮುಪ್ಪಿನಲ್ಲಿಯೂ ನೀರಿಗೆ ಬಿದ್ದರೆ ಮುಳುಗುವುದಿಲ್ಲ. ಒಳ್ಳೆಯ ಗುರು ಕೊಟ್ಟ ವಿದ್ಯೆ ಅಂಥದು.

ಬೆಂಗಳೂರಿನ ರಾಜಾಜಿನಗರದ ಅವರ ಮನೆಯೇ ಅವರ ಕಲಾಶಾಲೆಯಾಯಿತು. ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಅವರು ದುಡಿದರು. ಈ ಎರಡರ ಗುಣ ಬೇರೆ ಬೇರೆ. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಬೆಳಕು ಬೇಕಾದ ಕಡೆ ಬಣ್ಣ ಹಚ್ಚದೆ ಬಿಡಬೇಕು. ಒಮ್ಮೆ ತಪ್ಪಿದರೆ ತಿದ್ದುವುದು ಕಷ್ಟ. ತೈಲವರ್ಣದಲ್ಲಿ ಬಣ್ಣವೇ ಬೆಳಕಾಗಬೇಕು. ಪದರದ ಮೇಲೆ ಪದರವಾಗಿ, ಬೇಕಾದರೆ ಬೆಣ್ಣೆಯಂತೆ ದಪ್ಪನಾಗಿ ಹಚ್ಚಬಹುದು. ಚನ್ನಬಸವಯ್ಯನವರ ತೈಲಚಿತ್ರಗಳಲ್ಲಿ ಈ ದಟ್ಟ ಲೇಪನದ ಸೊಗಸು ಎದ್ದು ಕಾಣುತ್ತದೆ. ಹತ್ತಿರ ನಿಂತರೆ ಬರಿಯ ಬಣ್ಣದ ಮುದ್ದೆಗಳು, ಹತ್ತು ಹೆಜ್ಜೆ ಹಿಂದೆ ಸರಿದರೆ ಹೂಬಿಟ್ಟ ಮರ, ನೆರಳು ಬೆಳಕಿನ ಹಾದಿ, ತುಂಬಿದ ಆಕಾಶ.

ಫ್ರಾನ್ಸಿನಲ್ಲಿ 1874ರಲ್ಲಿ ಮೊದಲ ಪ್ರದರ್ಶನ ನಡೆಸಿದ ಮೊನೆ ಮೊದಲಾದ ಚಿತ್ರಕಾರರು ಲೋಕಕ್ಕೆ ತೋರಿಸಿದ ಒಂದು ಮಾತಿದೆ. ನೆರಳು ಕಪ್ಪಲ್ಲ, ಅದರಲ್ಲಿಯೂ ನೀಲಿ, ನೇರಳೆ, ಹಸಿರುಗಳುಂಟು. ಬಿಸಿಲು ಏರಿದಂತೆ ವಸ್ತುವಿನ ಬಣ್ಣವೂ ಬದಲಾಗುತ್ತದೆ. ಅದನ್ನು ಹಿಡಿಯಬೇಕಾದರೆ ಮನೆಯೊಳಗೆ ಕುಳಿತರಾಗದು, ಬಯಲಿಗೆ ಹೋಗಬೇಕು. ಕನ್ನಡ ನಾಡಿನ ಬಿಸಿಲು ಫ್ರಾನ್ಸಿನ ಬಿಸಿಲಲ್ಲ. ಇಲ್ಲಿ ನಡುಹಗಲು ಬಣ್ಣಗಳನ್ನೇ ತೊಳೆದುಬಿಡುತ್ತದೆ; ಬೆಳಗು ಬೈಗುಗಳಲ್ಲಿ ಮಾತ್ರ ಅವು ಉಕ್ಕಿಬರುತ್ತವೆ. ಈ ಬಿಸಿಲಿನ ಬಣ್ಣವನ್ನು ಸಂಕೋಚವಿಲ್ಲದೆ ಚಿತ್ರಕ್ಕೆ ತಂದವರಲ್ಲಿ ಚನ್ನಬಸವಯ್ಯನವರು ಪ್ರಮುಖರು.

ಹೂಮರಗಳ ಚಿತ್ರಕಾರ

ಅವರ ಹೆಸರಿನೊಡನೆ ಬಿಡದೆ ಬೆಸೆದಿರುವುದು ಬೆಂಗಳೂರಿನ ಹೂಮರಗಳು. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಲ್ಲಿ ಒಂದರ ಹಿಂದೆ ಒಂದು ಹೂಬಿಡುವಂತೆ ಮರಗಳನ್ನು ಯೋಜಿಸಿ ನೆಡಿಸಿದ್ದರು. ವರ್ಷಾರಂಭದಲ್ಲಿ ಟಬೂಬಿಯಾ, ಬೇಸಿಗೆ ಮೊದಲಾದಾಗ ಜಕರಾಂಡ, ಅದು ಮುಗಿಯುವ ಹೊತ್ತಿಗೆ ಗುಲ್‌ಮೊಹರ್ ಹೀಗೆ ಬಣ್ಣದ ಮೆರವಣಿಗೆ. ಕ್ರುಂಬಿಗಲ್ ನೆಡಿಸಿದ್ದನ್ನು ಚನ್ನಬಸವಯ್ಯನವರು ಬರೆದಿಟ್ಟರು ಎನ್ನಬಹುದು. ಆ ಚಿತ್ರಗಳಲ್ಲಿ ರಾಜಬೀದಿಗಿಂತ ಮರ ದೊಡ್ಡದು. ಮರದಡಿಯ ಮನುಷ್ಯ ಒಂದು ಚುಕ್ಕೆ. ಇಂದು ರಸ್ತೆ ಅಗಲಗೊಳ್ಳುತ್ತ ಮರಗಳು ಉರುಳಿರುವ ಬೆಂಗಳೂರಿನಲ್ಲಿ ಅವರ ಚಿತ್ರಗಳು ಸೌಂದರ್ಯಕ್ಕೆ ಮಾತ್ರವಲ್ಲ, ಸಾಕ್ಷ್ಯಕ್ಕೂ ಒದಗುತ್ತವೆ.

ನಿಸರ್ಗ ಚಿತ್ರದಲ್ಲಿ ಅವರಿಗಿಂತ ಹಿರಿಯರಾದ ಕೆ. ವೆಂಕಟಪ್ಪನವರನ್ನೂ ಇಲ್ಲಿ ನೆನೆಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಅವರು ಉದಕಮಂಡಲದ ಮಂಜು ಬೆಟ್ಟಗಳನ್ನು ಸೂಕ್ಷ್ಮ ಜಲವರ್ಣದಲ್ಲಿ ಚಿತ್ರಿಸಿದರು. ಅವರೂ ಚನ್ನಬಸವಯ್ಯನವರಂತೆ ಏಕಾಂಗಿ, ನಿಷ್ಠುರ ಸಾಧಕರು. ಒಬ್ಬರದು ಮೆಲುದನಿ, ಇನ್ನೊಬ್ಬರದು ತುಂಬುಕಂಠ. ರಾಗ ಮಾತ್ರ ನಿಸರ್ಗದ್ದೇ. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿ ನಮ್ಮ ಗುಂಡ್ಲುಪೇಟೆಯನ್ನು ಹಾಯ್ದೇ ಸಾಗುತ್ತದೆ ಎಂಬುದನ್ನು ಓದುಗರು ಮರೆಯಬಾರದು. ಮಳೆಗಾಲದಲ್ಲಿ ಆ ದಾರಿಯ ಎರಡೂ ಬದಿಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಕಣ್ಣು ಹಾಯುವಷ್ಟು ದೂರ ಹಳದಿ ಕೇಸರಿಗಳನ್ನು ಹಾಸುತ್ತವೆ. ಪರ ಊರಿನವರು ವಾಹನ ನಿಲ್ಲಿಸಿ ನೋಡಿ ಹೋಗುತ್ತಾರೆ. ಬೇಸಿಗೆಯ ಮುನ್ನ ಬಂಡೀಪುರದ ಕಾಡಿನಲ್ಲಿ ಮುತ್ತುಗ ಕೆಂಡದಂತೆ ಅರಳುತ್ತದೆ. ಅನಂತರ ಕಕ್ಕೆ ಹೊನ್ನಿನ ಗೊಂಚಲನ್ನು ಇಳಿಬಿಡುತ್ತದೆ. ಗೋಪಾಲಸ್ವಾಮಿ ಬೆಟ್ಟದ ಮಂಜು, ಬಿಳಿಗಿರಿರಂಗನ ಬೆಟ್ಟದ ಹಸಿರು, ಚಾಮರಾಜನಗರದ ಕರಿಕಲ್ಲಿನ ಹೊಳಪು ಇವೆಲ್ಲ ಇಲ್ಲಿಯ ಮಕ್ಕಳ ನಿತ್ಯದ ನೋಟ. ನೋಟವಿದೆ, ಅದನ್ನು ಕಾಣಿಸುವ ಗುರು ಬೇಕು.

ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹ

ಚನ್ನಬಸವಯ್ಯನವರು 1988ರಲ್ಲಿ ರಸ್ತೆ ಅಪಘಾತಕ್ಕೀಡಾಗಿ ನಿಧನರಾದರು. ಬೆಂಗಳೂರಿನ ಹಾದಿಯ ಮರಗಳನ್ನು ಅಷ್ಟು ಒಲುಮೆಯಿಂದ ಚಿತ್ರಿಸಿದವರನ್ನು ಹಾದಿಯೇ ಕಿತ್ತುಕೊಂಡದ್ದು ವಿಧಿಯ ಕ್ರೌರ್ಯ. ಎರಡೂವರೆ ದಶಕಗಳ ಎರಡನೆಯ ಬಾಳಿನಲ್ಲಿ ಅವರು ಬರೆದ ಚಿತ್ರಗಳು ಉಳಿದಿವೆ. ಆ ಚಿತ್ರಗಳನ್ನು ಕಾಪಾಡಿ ತೋರಿಸುವ ಕೆಲಸ ರಾಜಾಜಿನಗರದ ರುಮಾಲೆ ಆರ್ಟ್ ಹೌಸ್ ಹೆಸರಿನಲ್ಲಿ ನಡೆದಿದೆ.

ಈ ಚರಿತೆಯಿಂದ ನಾವು ಕಲಿಯಬೇಕಾದುದು ಏನು? ಮಕ್ಕಳೆಲ್ಲರನ್ನೂ ಚಿತ್ರಕಾರರನ್ನಾಗಿ ಮಾಡಿರೆಂದು ನಾವು ಹೇಳುವುದಿಲ್ಲ. ಕಲೆಯಿಂದಲೇ ಬದುಕುವುದು ಇಂದಿಗೂ ಸುಲಭವಲ್ಲ. ತಂದೆತಾಯಿಯರ ಅಂಜಿಕೆಗೆ ಕಾರಣವಿದೆ. ಆದರೆ ಚನ್ನಬಸವಯ್ಯನವರ ಬಾಳು ತೋರುವಂತೆ, ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ ಬಿದ್ದ ಬೀಜ ಐವತ್ತರಲ್ಲಿಯೂ ಮೊಳೆಯಬಲ್ಲದು. ಬೀಜವನ್ನೇ ಬಿತ್ತದಿದ್ದರೆ ಯಾವ ವಯಸ್ಸಿನಲ್ಲಿಯೂ ಫಲವಿಲ್ಲ. ಉದ್ಯೋಗ ಮುಗಿಸಿ ನಿವೃತ್ತರಾದ ಎಷ್ಟೋ ಜನರು ಹೊತ್ತು ಕಳೆಯುವುದು ಹೇಗೆಂದು ಕಳವಳಪಡುವುದನ್ನು ಕಾಣುತ್ತೇವೆ. ಬಾಲ್ಯದಲ್ಲಿ ಒಂದು ಕಲೆಯ ಓನಾಮವನ್ನಾದರೂ ಕಲಿತಿದ್ದರೆ ಅವರಿಗೆ ಆ ಕಳವಳವೇ ಇರುತ್ತಿರಲಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವೂ ಒಂದು ವಿಷಯವಾಗಿರಬೇಕೆಂದು ಹೇಳಿತು. 2020ರ ಶಿಕ್ಷಣ ನೀತಿಯೂ ಕಲೆಯೊಡನೆ ಬೆರೆತ ಕಲಿಕೆಯನ್ನು ಎತ್ತಿಹಿಡಿದಿದೆ. ಚಿತ್ರಕಲೆಯ ಲೋಯರ್, ಹೈಯರ್ ದರ್ಜೆಯ ಪರೀಕ್ಷೆಗಳು ನಮ್ಮ ರಾಜ್ಯದಲ್ಲಿ ಹಿಂದಿನಿಂದಲೂ ನಡೆದುಬಂದಿವೆ. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವಾಗ ತಂದೆತಾಯಿಯರಾರೂ ಆಕ್ಷೇಪಿಸುವುದಿಲ್ಲ; ಮನಸ್ಸಿನಲ್ಲಿಯೇ ಸಂತೋಷಪಡುವವರೂ ಉಂಟು. ಚಿತ್ರಕಲಾ ಶಿಕ್ಷಕರನ್ನು ಶಾಲಾ ವಾರ್ಷಿಕೋತ್ಸವದ ಫಲಕ ಬರೆಯಲು, ವೇದಿಕೆ ಸಿಂಗರಿಸಲು ಮಾತ್ರ ನೆನೆಯುವ ರೂಢಿ ಎಲ್ಲ ಕಡೆಯೂ ಇದೆ. ಈ ರೂಢಿ ತಪ್ಪಬೇಕು. ಅವರು ಮಕ್ಕಳ ಕಣ್ಣಿಗೆ ಅಕ್ಷರಾಭ್ಯಾಸ ಮಾಡಿಸುವವರು ಎಂಬ ಗೌರವ ನಮ್ಮಲ್ಲಿ ಮೂಡಬೇಕು.

ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಹೊಲಕ್ಕೆ ಹೋಗುವಾಗ ಮಗುವನ್ನು ಜೊತೆಗೆ ಕರೆದೊಯ್ದು ಒಂದು ಬಿಳಿ ಹಾಳೆ, ಒಂದು ಸೀಸದಕಡ್ಡಿ ಕೊಟ್ಟು ಬದುವಿನ ಮೇಲೆ ಕೂರಿಸಬಹುದು. ಹಬ್ಬದ ದಿನ ಅಜ್ಜಿ ಅಂಗಳದಲ್ಲಿ ಇಡುವ ರಂಗವಲ್ಲಿಯ ಚುಕ್ಕಿಗಳನ್ನು ಎಣಿಸಿ ಕಾಗದಕ್ಕೆ ಇಳಿಸಲು ಹೇಳಬಹುದು. ರಜೆಯಲ್ಲಿ ಮೈಸೂರಿಗೆ ಹೋದಾಗ ಮೃಗಾಲಯದ ಜೊತೆಗೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೂ ಕರೆದೊಯ್ಯಬಹುದು. ಮಗು ಬರೆದ ಚಿತ್ರ ಹೇಗೇ ಇರಲಿ, “ಇದನ್ನು ಎಲ್ಲಿ ಕಂಡೆ?” ಎಂದು ಕೇಳಿದರೆ ಸಾಕು, ಆ ಒಂದು ಪ್ರಶ್ನೆ ಮಗುವನ್ನು ಮತ್ತೊಮ್ಮೆ ನೋಡಲು ಕಳುಹಿಸುತ್ತದೆ.

ಸುಬ್ಬರಾಯರು 1919ರಲ್ಲಿ ಶಾಲೆ ತೆರೆದಾಗ ಮುಂದೆ ದೊಡ್ಡಬಳ್ಳಾಪುರದ ಹುಡುಗನೊಬ್ಬ ಬರುವನೆಂದಾಗಲೀ, ಕಲಿತದ್ದನ್ನು ಬಿಟ್ಟು ಸೆರೆಮನೆ ಸೇರುವನೆಂದಾಗಲೀ, ಮುಪ್ಪಿನ ಹೊಸ್ತಿಲಲ್ಲಿ ಮತ್ತೆ ಅದೇ ಗೆರೆಗೆ ಮರಳುವನೆಂದಾಗಲೀ ಬಲ್ಲವರಾಗಿರಲಿಲ್ಲ. ಗುರುವಾದವನಿಗೆ ಫಲದ ದಿನ ತಿಳಿಯದು. ಕಲಿಸುವ ದಿನವಷ್ಟೇ ಅವನ ಕೈಯಲ್ಲಿದೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಶಾಲೆಗಳಲ್ಲಿ ಇಂದು ಸುಣ್ಣದ ಗೋಡೆಯ ಮುಂದೆ ನಿಂತು ಮಕ್ಕಳಿಗೆ ಬಿಂದಿಗೆ ಬರೆಯುವುದನ್ನು ಕಲಿಸುತ್ತಿರುವ ಚಿತ್ರಕಲಾ ಶಿಕ್ಷಕರೆಲ್ಲರಿಗೂ ಈ ಮಾತು ಧೈರ್ಯವನ್ನು ತರಲಿ. ಬಣ್ಣ ಮೆತ್ತಿದ ಪುಟ್ಟ ಕೈಗಳನ್ನು ತೊಳೆಯುವ ಮುನ್ನ ಮನೆಯ ಹಿರಿಯರು ಒಂದು ಗಳಿಗೆ ಅವು ಬರೆದದ್ದನ್ನು ನೋಡುವಂತಾಗಲಿ.